ಮ್ಯಾಕೆಟ್: ಮೇಜಿನ ಮೇಲೆ ಒಂದಡಿ, ಬಯಲಿನಲ್ಲಿ ಹತ್ತಡಿ

ಕಡಲ ಬದಿಯ ಒಂದು ಪೇಟೆಯಲ್ಲಿ ಬಯಲು ಶಿಲ್ಪಗಳ ಪ್ರದರ್ಶನ ಮಾಡಬೇಕೆಂದು ಹೊರಟಿದ್ದರು. ಬಸ್ ಸ್ಟ್ಯಾಂಡಿನ ಎದುರು, ಪಾರ್ಕಿನೊಳಗೆ, ಸಮುದ್ರಕ್ಕೆ ಹೋಗುವ ದಾರಿಯಲ್ಲಿ, ಹೀಗೆ ಆರು ಕಡೆ ಆರು ಶಿಲ್ಪ. ಆಯ್ಕೆ ಸಮಿತಿಯಲ್ಲಿ ನಾನೂ ಒಬ್ಬ. ಕಲಾವಿದ ಅಂತ ಅಲ್ಲ, ಊರಿನವರ ಪರವಾಗಿ ಇರಲಿ ಅಂತ ಸೇರಿಸಿಕೊಂಡದ್ದು. ಸಭೆಯ ನೋಟೀಸು ಮಲಯಾಳದಲ್ಲಿ ಬಂತು. ಶಿಲ್ಪಗಳ 'ಮಾತೃಕ' ನೋಡಲಿಕ್ಕಿದೆ ಅಂತ ಬರೆದಿತ್ತು. ನನ್ನ ಪಕ್ಕದಲ್ಲಿದ್ದ ನಿವೃತ್ತ ಕನ್ನಡ ಮಾಷ್ಟ್ರು ಮೆಲ್ಲ ಕೇಳಿದರು: "ಎಂತ ಮಾರಾಯ್ರೆ, ಎಲ್ಲರೂ ಸಪ್ತಮಾತೃಕೆಯರನ್ನೇ ಮಾಡಿದ್ದಾರಾ?"

ಮಲಯಾಳದ ಮಾತೃಕ ಅಂದರೆ ನಮ್ಮ ಮಾದರಿ. ಕಾಸರಗೋಡಿನಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಆದರೆ ಅಲ್ಲಿಗೆ ಬಂದಿದ್ದ ಶಿಲ್ಪಿಗಳ ಬಾಯಲ್ಲಿ ಮಾತೃಕವೂ ಇರಲಿಲ್ಲ, ಮಾದರಿಯೂ ಇರಲಿಲ್ಲ. ಅವರು ಹೇಳುತ್ತಿದ್ದದ್ದು 'ಮ್ಯಾಕೆಟ್'.

ದೊಡ್ಡ ಶಿಲ್ಪ ಮಾಡುವ ಮೊದಲು ಅದನ್ನೇ ಸಣ್ಣದಾಗಿ ಮಾಡಿ ತೋರಿಸುವುದಕ್ಕೆ ಮ್ಯಾಕೆಟ್ ಎನ್ನುತ್ತಾರೆ. ಮಣ್ಣು, ಮೇಣ, ಪ್ಲಾಸ್ಟರ್, ತಂತಿ, ರಟ್ಟು, ಯಾವುದರಲ್ಲಿ ಬೇಕಾದರೂ ಮಾಡಬಹುದು. ಪದ ಫ್ರೆಂಚಿನದು. ಅಲ್ಲಿಗೆ ಬಂದದ್ದು ಇಟಲಿಯ 'ಮಕ್ಕಿಯೆಟ್ಟಾ'ದಿಂದ. ಅದರ ಹಿಂದೆ 'ಮಾಕುಲಾ' ಎಂಬ ಲ್ಯಾಟಿನ್ ಪದ ಇದೆ. ಮಾಕುಲಾ ಅಂದರೆ ಬಟ್ಟೆಗೆ ಅಂಟಿದ ಕಲೆ, ಮಚ್ಚೆ. ಬಣ್ಣದ ನಾಲ್ಕು ಮಚ್ಚೆ ಹಾಕಿ ಚಿತ್ರ ಹೀಗೆ ಬರಬಹುದು ಎಂದು ಅಂದಾಜು ಮಾಡುತ್ತಿದ್ದರಲ್ಲ, ಆ ಕರಡಿನ ಹೆಸರು ಮುಂದೆ ಶಿಲ್ಪದ ಕರಡಿಗೂ ಬಂತು. ಅಂಗಿಗೆ ಬಿದ್ದ ಗೇರಿನ ಸೊನೆಯೂ ಕಲೆ, ಶಿಲ್ಪವೂ ಕಲೆ ಅನ್ನುವ ನಮಗೆ ಇದನ್ನು ಬೇರೆ ಬಿಡಿಸಿ ಹೇಳುವುದು ಬೇಡ.

ಹಾಗಾದರೆ ಕಿರುಮಾದರಿ ಅಂದರೆ ಸಾಕಲ್ವಾ? ಸಾಕು. ನನಗೂ ಆ ಪದವೇ ಇಷ್ಟ. ಆದರೆ ಅಂಗಡಿಯಲ್ಲಿ ಮಾರುವ ಪುಟ್ಟ ತಾಜಮಹಲನ್ನೂ ನಾವು ಮಾದರಿ ಎನ್ನುತ್ತೇವೆ. ಅದು ಕಟ್ಟಿ ಮುಗಿದದ್ದರ ನೆನಪಿಗೆ ಮಾಡಿದ್ದು. ಮ್ಯಾಕೆಟ್ ಇನ್ನೂ ಹುಟ್ಟದ ಶಿಲ್ಪದ ಪರವಾಗಿ ಬಂದು ಮೇಜಿನ ಮೇಲೆ ಕೂತಿರುತ್ತದೆ. ಮದುವೆಗೆ ಮುಂಚೆ ಕಳಿಸುವ ಫೋಟೋದ ಹಾಗೆ. ಫೋಟೋ ಚಂದ ಉಂಟು ಅಂತ ಒಪ್ಪಿದವರ ಪಾಡು ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಆ ದಿನ ನಮ್ಮ ಸಮಿತಿಯೂ ಮೊದಲು ಫೋಟೋಕ್ಕೇ ಮರುಳಾಯಿತು. ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಹತ್ತು ಹದಿನೈದು ಮ್ಯಾಕೆಟ್. ನಾವು ನಿಂತುಕೊಂಡು, ಬಗ್ಗಿ, ಮೇಲಿನಿಂದ ನೋಡುತ್ತಿದ್ದೇವೆ. ನಾಳೆ ಇದೇ ಶಿಲ್ಪವನ್ನು ಜನ ಕೆಳಗಿನಿಂದ ಕತ್ತೆತ್ತಿ ನೋಡುತ್ತಾರೆ. ಮೇಲಿನಿಂದ ನೋಡುವಾಗ ಮುಖ ಎದ್ದು ಕಾಣುತ್ತದೆ. ಕೆಳಗಿನಿಂದ ನೋಡಿದರೆ ಗದ್ದ ಮತ್ತು ಮೂಗಿನ ಹೊಳ್ಳೆ! ಸಮಿತಿಯಲ್ಲಿದ್ದ ಹಿರಿಯ ಶಿಲ್ಪಿಯೊಬ್ಬರು ಏನೂ ಹೇಳದೆ ಕುರ್ಚಿ ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕಣ್ಣು ಮೇಜಿನ ಅಂಚಿಗೆ ಸರಿಯಾಗಿ ಬಂತು. ಆಮೇಲೆ ನಾವೆಲ್ಲ ಹಾಗೇ ಕೂತೆವು. ಮಾಷ್ಟ್ರ ಮಂಡಿ ನೋವು ಮಾತ್ರ ಒಪ್ಪಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಹತ್ತಿರದಿಂದ ಬಣ್ಣದ ವೇಷವನ್ನು ನೋಡಿದ್ದೀರಾ? ಮುಖದ ತುಂಬ ಅಕ್ಕಿ ಹಿಟ್ಟಿನ ಚಿಟ್ಟಿ, ಒರಟು ಬಣ್ಣ, ಎಲ್ಲವೂ ಜಾಸ್ತಿ. ಅದೇ ವೇಷ ರಂಗಸ್ಥಳಕ್ಕೆ ಬಂದಾಗ ಗದ್ದೆಯ ಆಚೆ ಬದಿ ಕೂತವನಿಗೂ ರಾಕ್ಷಸ ಸರಿಯಾಗಿ ಕಾಣುತ್ತಾನೆ. ಬಣ್ಣ ಹಾಕುವುದು ಆ ದೂರಕ್ಕೆ, ಕನ್ನಡಿಗೆ ಅಲ್ಲ. ಮ್ಯಾಕೆಟ್ ನೋಡುವಾಗಲೂ ಅಷ್ಟೇ. ಕೈಯಲ್ಲಿ ಹಿಡಿದಾಗ ನವಿರಾಗಿ ಕಾಣುವ ಗೆರೆ ನೂರು ಅಡಿ ದೂರದಿಂದ ಕಾಣುವುದೇ ಇಲ್ಲ. ಒಡ್ಡೊಡ್ಡು ಅನ್ನಿಸಿದ್ದು ಬಯಲಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ಲೆಕ್ಕ. ಕಲೆಯ ಮಧ್ಯೆ ಇದೆಂಥ ಲೆಕ್ಕ ಅನ್ನಬೇಡಿ, ಸಮಿತಿಗಳು ಎಡವುವುದು ಇಲ್ಲೇ. ಒಂದಡಿಯ ಮ್ಯಾಕೆಟ್ ಹತ್ತಡಿಯ ಶಿಲ್ಪವಾದರೆ ಎತ್ತರ ಹತ್ತು ಪಟ್ಟು. ಆದರೆ ಗಾಳಿ ಬಡಿಯುವ ಮೈ 100 ಪಟ್ಟು, ತೂಕ 1000 ಪಟ್ಟು. ನಾಲ್ಕು ಕಿಲೋದ ಗಟ್ಟಿ ಸಿಮೆಂಟಿನ ಮ್ಯಾಕೆಟ್ ಹಾಗೇ ದೊಡ್ಡದಾದರೆ ನಾಲ್ಕು ಟನ್. ಮೇಜಿನ ಮೇಲೆ ಒಂಟಿ ಕಾಲಲ್ಲಿ ಲೀಲಾಜಾಲವಾಗಿ ನಿಂತ ನರ್ತಕಿ ಬಯಲಿನಲ್ಲಿ ಆ ಕಾಲಿನ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ದೊಡ್ಡ ಶಿಲ್ಪಗಳ ಒಳಗೆ ಟೊಳ್ಳು ಬಿಡುತ್ತಾರೆ, ಕಬ್ಬಿಣದ ಹಂದರ ಕಟ್ಟುತ್ತಾರೆ. ಇಂಗ್ಲೆಂಡಿನ ಹೆನ್ರಿ ಮೂರ್ ಅಂಗೈಯಲ್ಲಿ ಹಿಡಿಯುವಷ್ಟು ಮ್ಯಾಕೆಟ್ ಮಾಡಿ, ಅದರಿಂದ ಮಧ್ಯಮ ಗಾತ್ರದ್ದು, ಆಮೇಲೆ ಪೂರ್ತಿ ಗಾತ್ರದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದ್ದರು. ಪ್ರತಿ ಮೆಟ್ಟಿಲಲ್ಲೂ ಏನಾದರೂ ತಿದ್ದಲಿಕ್ಕೆ ಇದ್ದೇ ಇರುತ್ತದೆ.

ನಮ್ಮ ಕಡೆ ಇನ್ನೂ ಒಂದು ಪರೀಕ್ಷೆ ಉಂಟು: ಮಳೆ ಮತ್ತು ಉಪ್ಪು ಗಾಳಿ. ಮ್ಯಾಕೆಟ್ ಪ್ಲಾಸ್ಟರಿನದ್ದು ಇರಬಹುದು, ಪೂರ್ತಿ ಶಿಲ್ಪ ಯಾವುದರದ್ದು ಎಂದು ಬರೆದುಕೊಡಬೇಕು. ಸಾದಾ ಕಬ್ಬಿಣ ಕಡಲ ಬದಿಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸಿಮೆಂಟಿನ ಒಳಗಿನ ಸರಳಿಗೆ ನೀರು ತಾಗಿದರೆ ತುಕ್ಕು ಉಬ್ಬಿ ಹೊರಗಿನ ಸಿಮೆಂಟನ್ನೇ ಸೀಳುತ್ತದೆ. ಹಳೆಯ ಟೆರೇಸುಗಳಲ್ಲಿ ನಾವೆಲ್ಲ ಇದನ್ನು ಕಂಡಿದ್ದೇವೆ. ಫೈಬರ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಸ್ಟೀಲ್ ಅಂದರೆ ಎಲ್ಲ ಸ್ಟೀಲೂ ಒಂದೇ ಅಲ್ಲ, ಸಮುದ್ರದ ಹತ್ತಿರ 304ಕ್ಕಿಂತ 316 ಅನ್ನುವ ದರ್ಜೆ ಮೇಲು. ಕಂಚು ಹಸಿರು ತಿರುಗಿದರೂ ಬಾಳುತ್ತದೆ, ಆದರೆ ಅದರ ರೇಟು ಕೇಳಿದ ಕೂಡಲೇ ಖಜಾಂಚಿ ಎದ್ದು ಚಾ ಕುಡಿಯಲು ಹೋದರು.

ನನ್ನ ಪಕ್ಷಪಾತ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಕಡೆಗೆ. ನೆಲದಿಂದ ಎತ್ತಿದಾಗ ಮೆತ್ತಗೆ ಇದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಬೇಕಲ ಕೋಟೆ ಕಡಲ ಗಾಳಿಗೆ ಎದೆಯೊಡ್ಡಿ ನಿಂತದ್ದು ಇದೇ ಕಲ್ಲಿನಲ್ಲಿ. ನವುರು ಕೆತ್ತನೆಗೆ ಬಗ್ಗುವುದಿಲ್ಲ, ಪಾಚಿ ಕಟ್ಟುತ್ತದೆ, ಒಪ್ಪಿದೆ. ಆದರೆ ಶಾಂತಿನಿಕೇತನದಲ್ಲಿ ರಾಮ್‌ಕಿಂಕರ್ ಬೈಜ್ 1938ರಲ್ಲಿ ಸಂತಾಲ ಕುಟುಂಬದ ಶಿಲ್ಪ ಮಾಡಿದ್ದು ಸಿಮೆಂಟಿಗೆ ಇಂಥದ್ದೇ ಕೆಂಪು ಜಲ್ಲಿ ಸೇರಿಸಿ. ಬಂಗಾಳದ ಕೆಂಪು ಮಣ್ಣಿನ ಮೇಲೆ ಅದೇ ಮಣ್ಣಿನ ಬಣ್ಣದ ಜನ ಗಂಟು ಮೂಟೆ ಹೊತ್ತು ನಡೆಯುತ್ತಿದ್ದಾರೆ.

ಮ್ಯಾಕೆಟ್‌ಗಳ ಚರಿತ್ರೆಯಲ್ಲಿ ಒಂದು ಕಥೆ ನಮ್ಮ ಜಿಲ್ಲೆಯ ಹತ್ತಿರಕ್ಕೆ ಬರುತ್ತದೆ. 1953ರಲ್ಲಿ ಲಂಡನ್ನಿನಲ್ಲಿ ಒಂದು ಸ್ಪರ್ಧೆ ನಡೆಯಿತು. ಹೆಸರಿಲ್ಲದ ರಾಜಕೀಯ ಕೈದಿಗೆ ಒಂದು ಸ್ಮಾರಕ ಮಾಡಬೇಕು, ಅದರ ಮ್ಯಾಕೆಟ್ ಕಳಿಸಿ ಎಂದು ಲೋಕವನ್ನೇ ಕರೆದಿದ್ದರು. ಗೆದ್ದವರು ರೆಗ್ ಬಟ್ಲರ್. ತಂತಿ, ಸರಳುಗಳಲ್ಲಿ ಮಾಡಿದ ಕಾವಲು ಗೋಪುರದಂಥ ರಚನೆ, ಅದರ ಬುಡದಲ್ಲಿ ಕತ್ತೆತ್ತಿ ನಿಂತ ಮೂರು ಪುಟ್ಟ ಹೆಂಗಸರು. ಟೇಟ್ ಗ್ಯಾಲರಿಯಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಿದ್ದಾಗ ಹಂಗೇರಿಯಿಂದ ಬಂದ ನಿರಾಶ್ರಿತ ಕಲಾವಿದನೊಬ್ಬ ಸಿಟ್ಟಿನಲ್ಲಿ ಹಿಡಿದು ಮುರಿದುಹಾಕಿದ. ಕೈದಿಗಳ ನೋವನ್ನು ಈ ತಂತಿಯ ತುಂಡು ಹೇಳುವುದಿಲ್ಲ ಎಂಬುದು ಅವನ ಸಿಟ್ಟು. ಬಟ್ಲರ್ ಮತ್ತೊಂದು ಮಾಡಿಕೊಟ್ಟರು. ಬರ್ಲಿನ್ನಿನಲ್ಲಿ ಪೂರ್ತಿ ಗಾತ್ರದಲ್ಲಿ ಕಟ್ಟಬೇಕೆಂದು ವರ್ಷಗಟ್ಟಲೆ ಓಡಾಡಿದರು. ಅದು ಏಳಲೇ ಇಲ್ಲ. ಮ್ಯಾಕೆಟ್ಟಾಗಿಯೇ ಹೆಸರು ಪಡೆದು ಮ್ಯಾಕೆಟ್ಟಾಗಿಯೇ ಉಳಿಯಿತು.

ಅದೇ ಬಟ್ಲರ್ ಲಂಡನ್ನಿನ ಸ್ಲೇಡ್ ಕಲಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. 1960ರ ದಶಕದಲ್ಲಿ ಅಲ್ಲಿಗೆ ಕಲಿಯಲು ಹೋದವರಲ್ಲಿ ಒಬ್ಬರು ಕಾನಾಯಿ ಕುಂಞಿರಾಮನ್. ಇದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಬಳಿಯ ಕುಟ್ಟಮತ್ತಿನವರು. ಊರಿಗೆ ಮರಳಿ 1969ರಲ್ಲಿ ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ತೋಟದಲ್ಲಿ ಕಾಲು ಚಾಚಿ ಕೂತ ಬತ್ತಲೆ ಯಕ್ಷಿಯನ್ನು ಮಾಡಿದರು. ಗಲಾಟೆ ಆಯಿತು, ಯಕ್ಷಿ ಏಳಲಿಲ್ಲ. ಹಿಂದೆ ಪಶ್ಚಿಮ ಘಟ್ಟದ ಸಾಲು ಇರುವುದರಿಂದ ಆಕೆಯ ಗಾತ್ರ ಅತಿಯಾಯಿತು ಅನ್ನಿಸುವುದೇ ಇಲ್ಲ. ಅದೇ ಯಕ್ಷಿಯನ್ನು ಒಂದು ಸಣ್ಣ ಪಾರ್ಕಿನಲ್ಲಿ ಕೂರಿಸಿದ್ದರೆ? ಶಿಲ್ಪ ಎಲ್ಲಿ ಕೂರುತ್ತದೆ ಎಂಬುದನ್ನು ಮ್ಯಾಕೆಟ್ ತೋರಿಸುವುದಿಲ್ಲ. ಅದರ ಸುತ್ತ ಬೆಟ್ಟವೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ, ಲೋಟರಿ ಮಾರುವವನೂ ಇಲ್ಲ.

ಈ ಕೊರತೆಗೆ ಜಾಗ ಜಾಗದಲ್ಲಿ ಬೇರೆ ಬೇರೆ ಉಪಾಯ ಕಂಡುಕೊಂಡಿದ್ದಾರೆ. ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ಬಯಲು ಶಿಲ್ಪಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಅಲ್ಲಿ ಕಲಾವಿದರು ಮೊದಲು ಊರು ಸುತ್ತುತ್ತಾರೆ, ಜಾಗ ನೋಡಿದ ಮೇಲೆ ಏನು ಮಾಡುವುದೆಂದು ಹೇಳುತ್ತಾರೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 1841ರಲ್ಲಿ ಕಟ್ಟಿದ ಒಂದು ಪೀಠ ಮೂರ್ತಿಗೆ ದುಡ್ಡಿಲ್ಲದೆ ನೂರೈವತ್ತು ವರ್ಷ ಖಾಲಿ ಉಳಿದಿತ್ತು. ಈಗ ಅದರ ಮೇಲೆ ಸರದಿಯಲ್ಲಿ ಹೊಸ ಶಿಲ್ಪ ಬರುತ್ತದೆ. ಕೊನೆಯ ಸುತ್ತಿಗೆ ಬಂದ ಮ್ಯಾಕೆಟ್‌ಗಳನ್ನು ಸಾರ್ವಜನಿಕರಿಗೆ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಕೇಳದೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. ರಿಚರ್ಡ್ ಸೆರಾ 1981ರಲ್ಲಿ ಸರಕಾರಿ ಕಚೇರಿಗಳ ಅಂಗಳಕ್ಕೆ ಅಡ್ಡಲಾಗಿ 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ ನಿಲ್ಲಿಸಿದರು. ದಿನಾ ಸುತ್ತು ಬಳಸಿ ಕೆಲಸಕ್ಕೆ ಹೋಗಬೇಕಾದವರು ದೂರು ಕೊಟ್ಟರು, ವಿಚಾರಣೆ ನಡೆಯಿತು, 1989ರಲ್ಲಿ ಗೋಡೆಯನ್ನು ತುಂಡು ಮಾಡಿ ಸಾಗಿಸಿದರು. ಸೆರಾ ದೊಡ್ಡ ಕಲಾವಿದರೇ, ಸಂಶಯ ಇಲ್ಲ. ಆದರೂ ನನ್ನ ಓಟು ನಡೆದುಹೋಗುವವರಿಗೆ.

ನಮ್ಮ ಬಳಿ ಇದ್ದ ಉಪಾಯ ಅಡಕೆ ಮರದ ಕಂಬ. ಬಸ್ ಸ್ಟ್ಯಾಂಡಿನ ಎದುರು ಶಿಲ್ಪದ ಎತ್ತರಕ್ಕೆ ಸರಿಯಾಗಿ ನಾಲ್ಕು ಕಂಬ ನೆಟ್ಟು, ಹಳೆಯ ಪಂಚೆಗಳನ್ನು ಸುತ್ತಿ ಬಿಟ್ಟೆವು. ಅರ್ಧ ಗಂಟೆಯೊಳಗೆ ಆಟೋದವರು ಬಂದು, "ಇದು ಇಲ್ಲಿ ಬಂದರೆ ತಿರುವಿನಲ್ಲಿ ಬಸ್ಸು ಕಾಣುವುದಿಲ್ಲ" ಅಂದರು. ಎರಡು ಗಂಟೆಯ ಸಭೆಯಲ್ಲಿ ನಮಗೆ ಯಾರಿಗೂ ಹೊಳೆಯದ ಮಾತು ಅದು. ಪಂಚೆ ಬಿಚ್ಚಿ ಹತ್ತು ಹೆಜ್ಜೆ ಹಿಂದಕ್ಕೆ ನೆಟ್ಟೆವು.

ಕೊನೆಗೆ ಒಂದು ಮ್ಯಾಕೆಟ್ ಬಗ್ಗೆ ಎಲ್ಲರಿಗೂ ಒಮ್ಮತ ಇತ್ತು. ಮಡಿಲು ಹರಡಿಕೊಂಡು ಕೂತ ಮೀನು ಮಾರುವ ಹೆಂಗಸು, ಫೈಬರಿನದ್ದು. ಸಹಿ ಹಾಕುವ ಹೊತ್ತಿಗೆ, ಅಷ್ಟೂ ಹೊತ್ತು ಸುಮ್ನೆ ಕೂತಿದ್ದ ನಿವೃತ್ತ ಓವರ್ಸಿಯರ್ ಒಬ್ಬರು ಎದ್ದರು. ಮೂಲೆಯಲ್ಲಿದ್ದ ಕುಡಿಯುವ ನೀರಿನ ಚೊಂಬು ತಂದು ಶಿಲ್ಪದ ತಲೆಯ ಮೇಲೆ ಮೆಲ್ಲ ಹೊಯ್ದರು. ಬಿಳಿ ಬಟ್ಟೆ ಒದ್ದೆ. ಶಿಲ್ಪಿ ಹೌಹಾರಿದ. ನೀರು ಭುಜದಿಂದ ಇಳಿದು, ಮೊಣಕೈ ದಾಟಿ, ಮಡಿಲಲ್ಲಿ ಬಂದು ನಿಂತಿತು.

"ಆಟಿ ತಿಂಗಳ ಮಳೆಗೆ ಇಲ್ಲಿ ಸೊಳ್ಳೆ ಸಾಕುವುದಾ?" ಅಂತ ಕೇಳಿದರು ಓವರ್ಸಿಯರ್.

ಶಿಲ್ಪಿ ಒಂದು ನಿಮಿಷ ಆ ನೀರನ್ನೇ ನೋಡುತ್ತ ನಿಂತ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮಡಿಲಿನ ಸೀರೆಯ ಮಡಿಕೆಯ ನಡುವೆ, ತೂತು ಬೀಳಬೇಕಾದ ಜಾಗದಲ್ಲಿ ಒಂದು ಚುಕ್ಕಿ ಇಟ್ಟ.