ಗೇಟಿನ ಹೊರಗೆ ನಿಂತ ಗಂಡ

ಕೋಲಾರದ ನರಸಾಪುರ, ವೇಮಗಲ್ ಕಡೆಯ ಕಂಪನಿ ಬಸ್ಸುಗಳಲ್ಲಿ ದಿನಾ ಎಷ್ಟೋ ಹೆಂಗಸರು ಶಿಫ್ಟಿಗೆ ಹೋಗುತ್ತಾರೆ. ಗಂಡನ ಏಟಿಗೆ ಒಬ್ಬಳ ಕೈ ಊದಿದ್ದರೆ ಪಕ್ಕದ ಸೀಟಿನವಳಿಗೆ ಗೊತ್ತಾಗುತ್ತದೆ. ಲೈನಿನಲ್ಲಿ ಅವಳ ಕೆಲಸ ನಿಧಾನವಾದರೆ ಸೂಪರ್‌ವೈಸರ್‌ಗೂ ಗೊತ್ತಾಗುತ್ತದೆ. ಆದರೂ ಬರುವ ಮಾತು ಒಂದೇ: "ಅವರ ಮನೆ ಜಗಳ, ನಮಗ್ಯಾಕೆ?"

ಕಾನೂನು ಕೂಡ ಮನೆಯನ್ನೂ ಕೆಲಸವನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾ ಬಂತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಬಂದು ಗಂಡ, ಅವನ ಮನೆಯವರ ಕ್ರೌರ್ಯ ಅಪರಾಧವಾಯಿತು. ಕೆಲಸದ ಕಡೆ, ಲೈಂಗಿಕ ಕಿರುಕುಳದ ಬಗ್ಗೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, 2013ರಲ್ಲಿ ಕಾಯ್ದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ದೂರು ಕೇಳುವ ಆಂತರಿಕ ಸಮಿತಿ ಬೇಕೆಂದಾಯಿತು. ಆದರೆ ಆ ಸಮಿತಿ ನೋಡುವುದು ಕೆಲಸದ ಜಾಗದ ಲೈಂಗಿಕ ಕಿರುಕುಳವನ್ನು ಮಾತ್ರ. ಮನೆಯಲ್ಲಿ ಏಟು ತಿಂದು ಬಂದವಳ ದೂರು ಅಲ್ಲಿಗೆ ಸೇರುವುದಿಲ್ಲ.

ಈ ಎರಡನ್ನೂ ಜೋಡಿಸುವ ಸಾಲು ಮಾತ್ರ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲೇ ಇದೆ. 2006ರ ಅಕ್ಟೋಬರ್ 26ರಿಂದ ಅದು ಜಾರಿಯಲ್ಲಿದೆ. ಹೆಂಡತಿ ಕೆಲಸ ಮಾಡುವ ಜಾಗಕ್ಕೆ ಗಂಡ ಕಾಲಿಡಬಾರದು, ಫೋನ್ ಮಾಡಿ ಕಾಡಬಾರದು ಎಂದು 18ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಮೀರಿದರೆ ಒಂದು ವರ್ಷದವರೆಗೆ ಜೈಲು ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ಕೂಡ ಹಿಂಸೆಯೇ. ಸಂಬಳದ ದಿನ ಎಟಿಎಂ ಕಾರ್ಡು ಯಾರ ಕೈಯಲ್ಲಿದೆ ಎಂಬುದು ಸುಮ್ನೆ ಮನೆ ವಿಷಯ ಅಲ್ಲ, ಅಲ್ವಾ?

2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ ಮನೆಯ ಹಿಂಸೆಯನ್ನು ಕೆಲಸದ ಪ್ರಶ್ನೆ ಎಂದೇ ಹೇಳಿತು. ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಫಿಲಿಪ್ಪೀನ್ಸ್ 2004ರಲ್ಲೇ ಇಂಥ ಹೆಂಗಸರಿಗೆ 10 ದಿನ ಸಂಬಳದ ರಜೆ ಕೊಟ್ಟಿತ್ತು.

ರಜೆಯೇ ಇಲ್ಲಿ ದೊಡ್ಡ ವಿಷಯ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಲು ನೆರವಾಗುವ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಆ ಕಚೇರಿ, ಕೋರ್ಟು ಎರಡೂ ತೆರೆದಿರುವುದು ಹಗಲು ಶಿಫ್ಟಿನ ಹೊತ್ತಲ್ಲೇ. ಒಂದು ಅರ್ಜಿಗೆ ಸಂಬಳ ಕಟ್ಟಾದರೆ ಅವಳು ಮತ್ತೆ ಹೋಗುವುದಾದರೂ ಹೇಗೆ? ಕಂಪನಿ ಆ ದಿನಗಳಿಗೆ ರಜೆ ಕೊಡಲಿ. ಅವಳು ಒಪ್ಪಿದರೆ ಕೋರ್ಟಿನ ಆದೇಶದ ಒಂದು ಪ್ರತಿ ಸೆಕ್ಯುರಿಟಿ ಹತ್ತಿರ ಇರಲಿ. ಯಾರೇ ಫೋನ್ ಮಾಡಿ ಕೇಳಿದರೂ ಅವಳ ಶಿಫ್ಟು, ಬಸ್ ನಂಬರ್ ಹೇಳದಿರಲಿ. ಮಹಿಳಾ ಸಹಾಯವಾಣಿ 181 ನಂಬರನ್ನು ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಲಿ. ಅಲ್ಲಿ ಅವಳು ಒಬ್ಬಳೇ ನಿಂತು ಬರೆದುಕೊಳ್ಳಬಹುದು.