ಎರೆಭೂತಕ್ಕೆ ಬಯಲೇ ಸಿಗದಂತಾಗಿದ್ದು ಹೇಗೆ?

ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತಾರಲ್ಲ, ಅದಕ್ಕೆ ನಮ್ಮಲ್ಲಿ ಎರೆಭೂತ ಅಂತ ಹೆಸರಿದೆ. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಇಷ್ಟು ದೊಡ್ಡದಾದರೂ ಗೂಡು ಕಟ್ಟುವುದಿಲ್ಲ. ಬಯಲಲ್ಲಿ, ಬರೀ ನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಬೀದಿನಾಯಿ, ನರಿ, ಕಾಗೆ, ಮೇಯಲು ಬಂದ ದನದ ಕಾಲು, ಯಾವುದಕ್ಕೆ ಸಿಕ್ಕರೂ ಆ ವರ್ಷದ ಸಂಸಾರ ಮುಗಿಯಿತು.

1960ರ ಸುಮಾರಿಗೆ ಪಕ್ಷಿತಜ್ಞ ಸಲೀಂ ಅಲಿ ಇದೇ ನಮ್ಮ ರಾಷ್ಟ್ರಪಕ್ಷಿ ಆಗಲಿ ಅಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳ ಆಗುತ್ತೆ ಅನ್ನೋ ಭಯಕ್ಕೇ ಬಿಟ್ಟರು ಅಂತ ಒಂದು ಕಥೆ ಓಡಾಡುತ್ತದೆ!

ಒಂದು ಕಾಲಕ್ಕೆ ಬೇಟೆ ಜಾಸ್ತಿ ಇತ್ತು, ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಆದರೆ ಹಕ್ಕಿಯ ಮನೆಯನ್ನು ಯಾರೂ ಮನೆ ಅಂತಲೇ ನೋಡಲಿಲ್ಲ. ಮರ ಇಲ್ಲ, ಹಾಗಾಗಿ ಕಾಡಲ್ಲ. ಬೆಳೆ ಇಲ್ಲ, ಹಾಗಾಗಿ ಹೊಲವಲ್ಲ. ಕಡತದಲ್ಲಿ 'ಬಂಜರು' ಅಂತ ಬರೆದರು, ಸುಮ್ನೆ ಬಿದ್ದಿದೆಯಲ್ಲ ಅಂತ ಗಿಡ ನೆಟ್ಟರು. ರಾಣೆಬೆನ್ನೂರಿನಲ್ಲಿ ಆಗಿದ್ದು ಅದೇ. ಅಲ್ಲಿನ 119 ಚದರ ಕಿಲೋಮೀಟರ್ ಜಾಗ 1974ರಲ್ಲಿ ಅಭಯಾರಣ್ಯ ಆಯಿತು, ಆದರೆ ಬಯಲಿನ ಬಹುಭಾಗದಲ್ಲಿ ನೀಲಗಿರಿ ತೋಪು. ಕೃಷ್ಣಮೃಗ ಹೇಗೋ ಉಳಿದುಕೊಂಡಿತು, ಎರೆಭೂತ ಕಾಣೆಯಾಯಿತು. ಈಗ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆಯ ಎರೆಹೊಲಗಳಲ್ಲಿ ಮಾತ್ರ ಬೆರಳೆಣಿಕೆಯಷ್ಟು. ಮಳೆ ನಂಬಿ ಜೋಳ, ಕಡಲೆ ಬೆಳೆಯುವ ಹೊಲಕ್ಕೆ ಈ ಹಕ್ಕಿ ಒಗ್ಗಿಕೊಂಡಿತ್ತು. ಮಿಡತೆ, ಕಾಳು ಎಲ್ಲ ಅಲ್ಲೇ ಸಿಗುತ್ತಿತ್ತು. ಕಾಲುವೆ ನೀರು ಬಂದು ಬತ್ತ ನಾಟಿ ಆದ ಗದ್ದೆಯಲ್ಲಿ ಅದು ಮೊಟ್ಟೆ ಇಡುವುದಾದರೂ ಎಲ್ಲಿ? ಹಾಗಂತ ನೀರು ಬಂದ ರೈತ ಬತ್ತ ಬಿಡು ಅನ್ನಲು ಆಗುತ್ತಾ?

ಬಹುಪಾಲು ಹಕ್ಕಿಗಳು ಉಳಿದಿರುವುದು ರಾಜಸ್ಥಾನದ ಜೈಸಲ್ಮೇರ್ ಸುತ್ತ. ದೇಶದಲ್ಲೆಲ್ಲ ಸೇರಿ 150ರ ಆಸುಪಾಸು ಅನ್ನುತ್ತದೆ 2018ರ ಅಂದಾಜು. ಅಲ್ಲೂ ಮರುಭೂಮಿ ಖಾಲಿ ಇದೆ ಅಂತ ಸೋಲಾರ್, ಗಾಳಿಯಂತ್ರ, ಅವುಗಳ ಹಿಂದೆ ವಿದ್ಯುತ್ ತಂತಿ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ, ನೇರ ಮುಂದಿನದು ಸರಿಯಾಗಿ ಕಾಣಿಸದು. ತಂತಿ ಕಂಡರೂ ಆ ಭಾರದ ಮೈ ತಟ್ಟನೆ ಹೊರಳುವುದಿಲ್ಲ. ತಂತಿಗಳನ್ನು ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2024ರಲ್ಲಿ ಆ ಆದೇಶ ಸಡಿಲಾಗಿ ವಿಷಯ ತಜ್ಞರ ಸಮಿತಿಗೆ ಹೋಯಿತು.

2019ರಿಂದ ಜೈಸಲ್ಮೇರ್ ಹತ್ತಿರದ ಸಮ್‌ನಲ್ಲಿ, ಬಯಲಿನಿಂದ ತಂದ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಮುಂದೆ ಇವನ್ನು ಬಿಡಬೇಕಾಗಿರುವುದು ಅದೇ ತಂತಿಗಳ ನಡುವಿನ ಬಯಲಿಗೆ.