ಟೆನ್ನೆಸಿಯ ನಡಿಗೆ ಕುದುರೆ: ಲಯ ಕೊಟ್ಟ ಜೀನು, ನೋವು ಕೊಟ್ಟ ಅಖಾಡ

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ 1886ರಲ್ಲಿ ಅಲನ್ ಎಂಬ ಕಪ್ಪು ಗಂಡು ಮರಿಯೊಂದು ಹುಟ್ಟಿತು. ಓಟದ ಕುದುರೆಗಳ ವಂಶ. ಹಗುರ ಗಾಡಿ ಎಳೆಯುತ್ತ ಟ್ರಾಟ್ ಪಂದ್ಯ ಗೆಲ್ಲುತ್ತದೆ ಎಂದು ಒಡೆಯರು ಎದುರು ನೋಡುತ್ತಿದ್ದರು. ಟ್ರಾಟ್‌ನಲ್ಲಿ ಒಂದು ಬದಿಯ ಮುಂಗಾಲೂ ಇನ್ನೊಂದು ಬದಿಯ ಹಿಂಗಾಲೂ ಜೋಡಿಯಾಗಿ ನೆಲ ಮುಟ್ಟಬೇಕು. ಅಲನ್‌ಗೆ ಅದು ಒಗ್ಗಲೇ ಇಲ್ಲ. ವೇಗ ಹೆಚ್ಚಿದರೆ ಸಾಕು, ಒಂದೇ ಬದಿಯ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿ ಹಾಕುತ್ತಿದ್ದ. ಈ ಓಟಕ್ಕೆ ಪೇಸ್ ಎನ್ನುತ್ತಾರೆ. ಟ್ರಾಟ್ ಪಂದ್ಯಕ್ಕೆ ಬಾರದ ಕುದುರೆ ಕೈಯಿಂದ ಕೈಗೆ ಅಗ್ಗದಲ್ಲಿ ಮಾರಾಟವಾಗುತ್ತ ಟೆನ್ನೆಸಿ ಸೇರಿತು. 1903ರಲ್ಲಿ ಅದನ್ನು ಕೊಂಡ ಜೇಮ್ಸ್ ಬ್ರ್ಯಾಂಟ್ಲಿ ಎಂಬ ರೈತನಿಗೆ ಪಂದ್ಯದ ಹಂಬಲವಿರಲಿಲ್ಲ. ಇಡೀ ದಿನ ಕುಳಿತರೂ ಸೊಂಟ ನೋಯದ ಸವಾರಿ ಕುದುರೆ ಅವನಿಗೆ ಬೇಕಿತ್ತು. ಅವನಲ್ಲಿದ್ದ ಗರ್ಟ್ರೂಡ್ ಎಂಬ ಹೆಣ್ಣು ಕುದುರೆಗೂ ಅಲನ್‌ಗೂ 1906ರಲ್ಲಿ ಹುಟ್ಟಿದ ರೋನ್ ಅಲೆನ್, ಮುಂದೆ ಒಂದು ತಳಿಯ ಬೆನ್ನೆಲುಬಾದ. ಕೊನೆಗಾಲದಲ್ಲಿ ಆಲ್ಬರ್ಟ್ ಡಿಮೆಂಟ್ ಎಂಬ ತಳಿಗಾರನ ಬಳಿಯಿದ್ದ ಅಲನ್ 1910ರಲ್ಲಿ ಸತ್ತ. 1935ರಲ್ಲಿ ಲೂಯಿಸ್‌ಬರ್ಗ್‌ನಲ್ಲಿ ತಳಿಗಾರರ ಸಂಘ ಹುಟ್ಟಿಕೊಂಡಿತು. ಅದರ ವಂಶಾವಳಿಯಲ್ಲಿ ಅಲನ್‌ಗೆ ಸಿಕ್ಕ ಗುರುತು ಎಫ್-1, ಎಂದರೆ ಮೂಲಪುರುಷರಲ್ಲಿ ಮೊದಲನೆಯವನು.

ಆ ತಳಿಯೇ ಟೆನ್ನೆಸಿ ವಾಕಿಂಗ್ ಹಾರ್ಸ್. ಅದರ ಹೆಗ್ಗಳಿಕೆಯೆಲ್ಲ ‘ರನ್ನಿಂಗ್ ವಾಕ್’ ಎಂಬ ಒಂದು ನಡಿಗೆಯಲ್ಲಿದೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಹೀಗೆ ನಾಲ್ಕು ಕಾಲೂ ಸಮ ಅಂತರದಲ್ಲಿ ಒಂದೊಂದಾಗಿ ಬೀಳುತ್ತವೆ. ಎಲ್ಲ ಕುದುರೆಗಳೂ ನಿಧಾನವಾಗಿ ನಡೆಯುವುದು ಇದೇ ಕ್ರಮದಲ್ಲಿ. ಆದರೆ ವೇಗ ಏರಿದೊಡನೆ ಬೇರೆ ಕುದುರೆಗಳು ಟ್ರಾಟ್‌ಗೆ ಹೊರಳುತ್ತವೆ. ಟೆನ್ನೆಸಿ ಕುದುರೆ ಹೊರಳುವುದಿಲ್ಲ, ಅದೇ ಲಯದಲ್ಲಿ ಗಂಟೆಗೆ ಹದಿನೈದು ಕಿಲೋಮೀಟರ್ ದಾಟಿ ಸಾಗಬಲ್ಲದು. ಹಿಂಗಾಲಿನ ಗೊರಸು ಮುಂಗಾಲಿನ ಹೆಜ್ಜೆಗುರುತನ್ನು ದಾಟಿ ಮುಂದೆ ಬೀಳುತ್ತದೆ. ಪ್ರತಿ ಹೆಜ್ಜೆಗೂ ತಲೆ ತೂಗುತ್ತದೆ.

ಇದು ಸವಾರನಿಗೆ ಯಾಕೆ ಹಿತ? ಟ್ರಾಟ್‌ನಲ್ಲಿ ಕುದುರೆಯ ನಾಲ್ಕು ಕಾಲೂ ಕ್ಷಣಕಾಲ ನೆಲ ಬಿಟ್ಟಿರುತ್ತವೆ. ದೇಹ ಮೇಲೆ ಚಿಮ್ಮಿ ಕೆಳಗೆ ಬೀಳುತ್ತದೆ, ಆ ಪೆಟ್ಟು ನೇರ ಸವಾರನ ಬೆನ್ನೆಲುಬಿಗೆ. ರನ್ನಿಂಗ್ ವಾಕ್‌ನಲ್ಲಿ ಹಾರಿಕೆಯೇ ಇಲ್ಲ. ಯಾವ ಕ್ಷಣದಲ್ಲಾದರೂ ಒಂದು ಕಾಲಾದರೂ ನೆಲದ ಮೇಲಿರುತ್ತದೆ, ಆದ್ದರಿಂದ ಬೆನ್ನಿನ ಏರಿಳಿತ ತೀರ ಕಡಿಮೆ. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ದಕ್ಷಿಣದ ತೋಟಗಳಲ್ಲಿ ಒಡೆಯರೂ ಮೇಲ್ವಿಚಾರಕರೂ ಇಂಥ ಕುದುರೆಗಳ ಮೇಲೆಯೇ ದಿನವಿಡೀ ಸಾಲು ಸುತ್ತುತ್ತಿದ್ದರು. ಹಳ್ಳಿ ವೈದ್ಯರು, ಪಾದ್ರಿಗಳು ಕೂಡ ಇವನ್ನೇ ಬಯಸಿದರು.

ಅಲನ್ ಯಾಕೆ ಟ್ರಾಟ್ ಮಾಡಲಿಲ್ಲ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಅವನು ಸತ್ತು ನೂರು ವರ್ಷ ಕಳೆದ ಮೇಲೆ. ಸ್ವೀಡನ್ನಿನ ಲೀಫ್ ಆಂಡರ್ಸನ್ ಮತ್ತು ಸಂಗಡಿಗರು ಐಸ್‌ಲ್ಯಾಂಡಿನ ಕುದುರೆಗಳ ಡಿಎನ್‌ಎ ಹೋಲಿಸುತ್ತ, 23ನೇ ಕ್ರೋಮೋಸೋಮಿನ ಡಿಎಂಆರ್‌ಟಿ3 ಎಂಬ ಜೀನಿಗೆ ಬಂದು ತಲುಪಿದರು. 2012ರಲ್ಲಿ ಪ್ರಕಟವಾದ ಆ ಶೋಧದ ತಿರುಳು ಇಷ್ಟು: ಈ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ ತಯಾರಿ ಅರ್ಧದಲ್ಲೇ ನಿಂತುಬಿಡುತ್ತದೆ. ಆ ಪ್ರೋಟೀನು ಕೆಲಸ ಮಾಡುವುದು ಸ್ನಾಯುವಿನಲ್ಲೂ ಅಲ್ಲ, ಮೂಳೆಯಲ್ಲೂ ಅಲ್ಲ, ಬೆನ್ನುಹುರಿಯೊಳಗಿನ ಕೆಲವು ನರಕೋಶಗಳಲ್ಲಿ. ಎಡಕ್ಕೂ ಬಲಕ್ಕೂ ಮುಂಗಾಲಿಗೂ ಹಿಂಗಾಲಿಗೂ ಸರದಿ ಹಂಚುವ ಕೋಶಗಳು ಅವು. ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದಾಗ ಅವುಗಳ ಕಾಲಿನ ಹೊಂದಾಣಿಕೆಯೂ ಬದಲಾಯಿತು. ನಡಿಗೆಯ ಲಯ ಮೆದುಳಿನಿಂದ ಹೆಜ್ಜೆಹೆಜ್ಜೆಗೂ ಬರುವ ಆಜ್ಞೆಯಲ್ಲ, ಬೆನ್ನುಹುರಿಯಲ್ಲೇ ಹೆಣೆದ ನರಗಳ ಜಾಲ ಎಂಬುದು ಮೊದಲೇ ತಿಳಿದಿತ್ತು. ಆ ಹೆಣಿಗೆಯ ಒಂದು ಗಂಟು ಎಲ್ಲಿದೆ ಎಂದು ತೋರಿಸಿಕೊಟ್ಟದ್ದು ಕುದುರೆ.

ಟೆನ್ನೆಸಿ ತಳಿಯ ಬಹುತೇಕ ಎಲ್ಲ ಕುದುರೆಗಳಲ್ಲೂ ಈ ಬದಲಾದ ಜೀನಿನ ಎರಡು ಪ್ರತಿಗಳಿವೆ. ಹಳೆಯ ಮೂಳೆಗಳ ಡಿಎನ್‌ಎ ಓದಿದ ಇನ್ನೊಂದು ತಂಡಕ್ಕೆ ಇದೇ ರೂಪಾಂತರ ಇಂಗ್ಲೆಂಡಿನ ಯಾರ್ಕ್‌ನಲ್ಲಿ, ಕ್ರಿ.ಶ. 850-900ರ ಸುಮಾರಿನ ಕುದುರೆಗಳಲ್ಲಿ ಸಿಕ್ಕಿತು. ಎಂದರೆ ಸೊಂಟಕ್ಕೆ ಹಿತವಾದ ಕುದುರೆಯನ್ನು ಮನುಷ್ಯ ಆರಿಸಿ ಆರಿಸಿ ಬೆಳೆಸಿ ಸಾವಿರ ವರ್ಷ ದಾಟಿದೆ. ಆದರೆ ಜೀನೊಂದೇ ಎಲ್ಲವನ್ನೂ ಹೇಳುವುದಿಲ್ಲ. ಅಲನ್ ಹುಟ್ಟಿದ ಅಮೆರಿಕನ್ ಓಟದ ತಳಿಯಲ್ಲಿ ಟ್ರಾಟ್ ಮಾಡುವವಕ್ಕೂ ಪೇಸ್ ಮಾಡುವವಕ್ಕೂ ಇದೇ ರೂಪಾಂತರವಿದೆ. ಟ್ರಾಟ್‌ನ ಕಟ್ಟುಪಾಡು ಸಡಿಲವಾದ ಮೇಲೆ ಯಾವ ನಡಿಗೆ ಮೂಡುತ್ತದೆ ಎಂಬುದನ್ನು ಬೇರೆ ಜೀನುಗಳು, ಮೈಕಟ್ಟು, ಜೊತೆಗೆ ತರಬೇತಿ ನಿರ್ಧರಿಸುತ್ತವೆ.

ತರಬೇತುದಾರನ ಕಸುಬು ಆರಂಭವಾಗುವುದು ಇಲ್ಲಿಂದ. ಕುದುರೆ ‘ಪೇಸಿ’ಯೋ ‘ಟ್ರಾಟಿ’ಯೋ ಎಂದು ಅವನು ಮೊದಲು ಕಿವಿಯಿಂದಲೇ ಅಳೆಯುತ್ತಾನೆ. ಗಟ್ಟಿ ದಾರಿಯ ಮೇಲೆ ನಾಲ್ಕು ಸಪ್ಪಳ ಸಮವಾಗಿ ಕೇಳಿದರೆ ನಡಿಗೆ ಕೂಡಿಬಂದಿದೆ, ಎರಡೆರಡು ಸಪ್ಪಳ ಅಂಟಿಕೊಂಡರೆ ಇನ್ನೂ ಕೆಲಸ ಬಾಕಿ. ಪೇಸಿ ಕುದುರೆಯನ್ನು ನೆಲಕ್ಕೆ ಹಾಸಿದ ಕಂಬಗಳ ಮೇಲೆ ನಡೆಸುತ್ತಾರೆ, ಅವಸರ ಮಾಡದೆ ಮೈಲಿಗಟ್ಟಲೆ ‘ಫ್ಲಾಟ್ ವಾಕ್’ ಎಂಬ ನಿಧಾನ ನಡಿಗೆ ಮಾಡಿಸುತ್ತಾರೆ. ತಿಂಗಳುಗಳು ಹಿಡಿಯುವ ಕೆಲಸ. ಹಳೆಯ ತರಬೇತುದಾರರಲ್ಲಿ ನನಗೆ ಅತ್ಯಂತ ಗೌರವವಿರುವುದು ವಾರ್‌ಟ್ರೇಸ್ ಎಂಬ ಪುಟ್ಟ ಊರಿನ ಫ್ಲಾಯ್ಡ್ ಕಾರೋಥರ್ಸ್ ಬಗ್ಗೆ. ಹೆಂಡತಿ ಆಲಿವ್ ಜೊತೆ ಅಲ್ಲೊಂದು ಹೋಟೆಲ್ ನಡೆಸುತ್ತ, ಹಿಂಬದಿಯ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದ. ಹೊಲದ ಕೆಲಸದಲ್ಲಿದ್ದ ಸ್ಟ್ರೋಲಿಂಗ್ ಜಿಮ್ ಎಂಬ ಕಂದು ಕುದುರೆಯ ಹೆಜ್ಜೆಯಲ್ಲಿ ಏನಿದೆ ಎಂಬುದನ್ನು ಗುರುತಿಸಿದ ಕಣ್ಣು ಅವನದು.

ಅದೇ ವಾರ್‌ಟ್ರೇಸ್‌ನ ಹೆನ್ರಿ ಡೇವಿಸ್, ಪಕ್ಕದ ವಿಂಚೆಸ್ಟರ್ ಊರಿನವರು ತಾವು ಬೆಳೆಯುವ ಕೆಂಪು ಕ್ಲೋವರ್ ಮೇವಿಗೆ ಹಬ್ಬ ಮಾಡುವುದನ್ನು ಕಂಡು, ನಮ್ಮ ಕುದುರೆಗೆ ಯಾಕೆ ಹಬ್ಬ ಬೇಡ ಎಂದು ಕೇಳಿದ. 1939ರಲ್ಲಿ ಶೆಲ್ಬಿವಿಲ್‌ನಲ್ಲಿ ಮೊದಲ ‘ನ್ಯಾಷನಲ್ ಸೆಲೆಬ್ರೇಶನ್’ ಎಂಬ ಕುದುರೆ ಪ್ರದರ್ಶನ ಸ್ಪರ್ಧೆ ನಡೆಯಿತು. ಮೊದಲ ವಿಶ್ವ ಚಾಂಪಿಯನ್ ಸ್ಟ್ರೋಲಿಂಗ್ ಜಿಮ್, ಬೆನ್ನ ಮೇಲೆ ಕಾರೋಥರ್ಸ್. ಜಿಮ್ 1957ರಲ್ಲಿ ಸತ್ತಾಗ ಆ ಹೋಟೆಲಿನ ಹಿಂದೆಯೇ ಹೂಳಿದರು.

ಸೆಲೆಬ್ರೇಶನ್ ಬೇಗ ಬೆಳೆಯಿತು. 1945 ಮತ್ತು 46ರಲ್ಲಿ ಫ್ರೆಡ್ ವಾಕರ್ ಏರಿದ ಮಿಡ್‌ನೈಟ್ ಸನ್ ಗೆದ್ದ. ಬೀಜದ ಕುದುರೆಯೊಂದು ಕಿರೀಟ ತೊಟ್ಟದ್ದು ಅದೇ ಮೊದಲು, ಅವನ ರಕ್ತ ಇಂದಿಗೂ ತಳಿಯ ತುಂಬ ಹರಿಯುತ್ತಿದೆ. ಮುಂದಿನ ಎರಡು ವರ್ಷ ವಿನ್‌ಸ್ಟನ್ ವೈಸರ್ ಸವಾರಿಯ ಮೆರಿ ಗೋ ಬಾಯ್. 1951ರಿಂದ ಸತತ ಮೂರು ವರ್ಷ ಸ್ಟೀವ್ ಹಿಲ್ ಏರಿದ ಟಾಕ್ ಆಫ್ ದ ಟೌನ್. 1966ರಲ್ಲಿ ಬೆಟ್ಟಿ ಸೇನ್ ಶೇಕರ್ಸ್ ಶಾಕರ್ ಮೇಲೆ ಗೆದ್ದು, ಆ ಪಟ್ಟ ಪಡೆದ ಮೊದಲ ಮಹಿಳೆಯಾದಳು.

ಇಷ್ಟರಲ್ಲಿ ಅಖಾಡದ ಕಣ್ಣು ಬದಲಾಗಿತ್ತು. ದೂರದ ಗ್ಯಾಲರಿಯಲ್ಲಿ ಕುಳಿತವನಿಗೆ ಬೆನ್ನಿನ ಸಮತೆ ಕಾಣುವುದಿಲ್ಲ, ಎತ್ತರಕ್ಕೆ ಏಳುವ ಮುಂಗಾಲು ಕಾಣುತ್ತದೆ. ಸವಾರನಿಗಾಗಿ ಹುಟ್ಟಿದ ನಡಿಗೆಯನ್ನು ನೋಡುಗರಿಗಾಗಿ ಅಳೆಯತೊಡಗಿದಾಗಲೇ ದಾರಿ ತಪ್ಪಿತು ಎಂಬುದು ನನ್ನ ಖಚಿತ ಅಭಿಪ್ರಾಯ. 1950ರ ದಶಕದಿಂದ ‘ಬಿಗ್ ಲಿಕ್’ ಎಂಬ ಶೈಲಿ ಮೆರೆಯಿತು. ಮುಂಗಾಲು ಎದೆಮಟ್ಟಕ್ಕೆ ಚಿಮ್ಮಬೇಕು, ಹಿಂಭಾಗ ಕುಸಿದು ಕುಳಿತಂತೆ ತೆವಳಬೇಕು.

ಅದನ್ನು ಬರಿಸಲು ಮೊದಲ ಉಪಾಯ ಭಾರ. ಮುಂಗಾಲಿನ ಗೊರಸಿನಡಿ ಪದರ ಪದರವಾಗಿ ಪ್ಯಾಡ್ ಜೋಡಿಸಿ ಪಟ್ಟಿ ಬಿಗಿಯುತ್ತಾರೆ. ಕಾಲು ಭುಜದಿಂದ ತೂಗುವ ಲೋಲಕ, ತುದಿಯಲ್ಲಿಟ್ಟ ಭಾರದ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಗೊರಸಿಗೆ ಕಟ್ಟಿದ ಅರ್ಧ ಕಿಲೋ, ಬೆನ್ನಿಗೆ ಕಟ್ಟಿದ ಅರ್ಧ ಕಿಲೋದಂತಲ್ಲ. ಎತ್ತಲು ಸ್ನಾಯು ಹೆಚ್ಚು ಬಲ ಹಾಕುತ್ತದೆ, ಎತ್ತಿದ ಕಾಲು ತನ್ನ ವೇಗಕ್ಕೆ ಇನ್ನೂ ಮೇಲೇರುತ್ತದೆ. ಎರಡನೆಯದು ಗೊರಸಿನ ಮೇಲೆ ತೊಡಿಸುವ ಸರಪಳಿ. ಮೂರನೆಯ ಉಪಾಯಕ್ಕೆ ಅವರಲ್ಲಿ ‘ಸೋರಿಂಗ್’ ಎನ್ನುತ್ತಾರೆ: ಕಾಲಿನ ಚರ್ಮಕ್ಕೆ ಸಾಸಿವೆ ಎಣ್ಣೆ, ಡೀಸೆಲ್, ಸೀಮೆಎಣ್ಣೆಯಂಥವನ್ನು ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಕಟ್ಟಿ, ಹುಣ್ಣಾಗುವವರೆಗೆ ಬಿಡುವುದು.

ಸಾಸಿವೆಯ ಘಾಟು ನಮಗೆಲ್ಲ ಗೊತ್ತು. ಒಗ್ಗರಣೆಗೆ ಸಿಡಿಸಿದಾಗ ಅದು ಕಾಣೆಯಾಗುತ್ತದೆ, ಹಸಿಯಾಗಿ ಅರೆದು ಹಾಕಿದರೆ ಮೂಗಿಗೇರುತ್ತದೆ. ಅರೆದಾಗ ಕಾಳಿನೊಳಗಿನ ಕಿಣ್ವವೊಂದು ಬಿಡುಗಡೆಯಾಗಿ ಅಲೈಲ್ ಐಸೋಥಯೋಸಯನೇಟ್ ಎಂಬ ರಾಸಾಯನಿಕವನ್ನು ಹುಟ್ಟಿಸುತ್ತದೆ, ಬಿಸಿ ಎಣ್ಣೆ ಆ ಕಿಣ್ವವನ್ನೇ ಕೊಲ್ಲುತ್ತದೆ. ಈ ರಾಸಾಯನಿಕ ನೋವಿನ ನರತುದಿಯ ಟಿಆರ್‌ಪಿಎ1 ಎಂಬ ದ್ವಾರವನ್ನು ತೆರೆಯುತ್ತದೆ ಎಂದು, ಮುಂದೆ 2021ರಲ್ಲಿ ನೊಬೆಲ್ ಹಂಚಿಕೊಂಡ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ 2004ರಲ್ಲಿ ತೋರಿಸಿತು. ದ್ವಾರ ತೆರೆದ ನರ ಮೆದುಳಿಗೆ ಉರಿಯ ಸುದ್ದಿ ಕಳಿಸಿ ಸುಮ್ಮನಾಗುವುದಿಲ್ಲ. ಅಲ್ಲೇ ಸುತ್ತಲೂ ಪೆಪ್ಟೈಡ್‌ಗಳನ್ನು ಸುರಿಸಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಾವು ಬರಿಸುತ್ತದೆ. ಆಮೇಲೆ ಬರಿಯ ಸ್ಪರ್ಶವೂ ನೋವಾಗುತ್ತದೆ.

ಸರಪಳಿ ಹಗುರವಾಗಿದ್ದರೆ ಅಪಾಯವಿಲ್ಲ ಎಂಬ ವಾದ ಎಲ್ಲಿ ಹಾದಿ ತಪ್ಪಿಸುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದ ಪಶುವೈದ್ಯರು 1978ರಿಂದ 1982ರವರೆಗೆ ನಡೆಸಿದ ಪರೀಕ್ಷೆಗಳಲ್ಲಿ ಹೆಚ್ಚು ಭಾರದ ಸರಪಳಿಗಳು ಚರ್ಮ ಗಾಯಗೊಳಿಸಿದವು, 6 ಔನ್ಸ್‌ವರೆಗಿನವು ಗಾಯ ಮಾಡಲಿಲ್ಲ. ಸರ್ಕಾರದ ನಿಯಮವೂ 6 ಔನ್ಸ್‌ಗೆ, ಎಂದರೆ ಸುಮಾರು 170 ಗ್ರಾಂಗೆ ನಿಂತಿತು. ಅಷ್ಟು ಹಗುರ ಸರಪಳಿ ನಿರಪಾಯ ಎಂದು ಪ್ರದರ್ಶನದವರು ಇಂದಿಗೂ ವಾದಿಸುತ್ತಾರೆ. ಆರೋಗ್ಯವಂತ ಚರ್ಮಕ್ಕೆ ಅದು ಸರಿ. ಉರಿಯುವ ಚರ್ಮಕ್ಕೆ ಅದೇ 170 ಗ್ರಾಂ ಪ್ರತಿ ಹೆಜ್ಜೆಯ ಬಡಿತ. ನೆಲ ಮುಟ್ಟಿದ ಮುಂಗಾಲನ್ನು ಕುದುರೆ ಥಟ್ಟನೆ ಎತ್ತಿಕೊಳ್ಳುತ್ತದೆ, ಮೈಭಾರವನ್ನು ಹಿಂಗಾಲಿಗೆ ದೂಡುತ್ತದೆ. ಜನ ಚಪ್ಪಾಳೆ ತಟ್ಟುವ ಭಂಗಿ ಅದೇ. ಹೆಜ್ಜೆಯ ಸರದಿಯನ್ನು ಬೆನ್ನುಹುರಿ ಹುಟ್ಟಿನಿಂದಲೇ ಬಲ್ಲದು, ಅದರ ಮೇಲೆ ನೋವಿನ ಪ್ರತಿವರ್ತನೆಯೊಂದನ್ನು ಹೇರಿದ್ದಾರೆ ಅಷ್ಟೇ.

ಮೇರಿಲ್ಯಾಂಡಿನ ಸೆನೆಟರ್ ಜೋಸೆಫ್ ಟೈಡಿಂಗ್ಸ್ ಶ್ರಮದಿಂದ 1970ರಲ್ಲಿ ಸೋರಿಂಗ್ ತಡೆಯಲೆಂದು ಕುದುರೆ ಸಂರಕ್ಷಣಾ ಕಾಯ್ದೆ ಬಂತು, 1976ರಲ್ಲಿ ತಿದ್ದುಪಡಿಯಾಯಿತು. ಆ ಹೊತ್ತಿಗೆ ಬಂದ ದೊಡ್ಡ ಲೋಪ, ತಪಾಸಣೆಯ ಬಹುಪಾಲನ್ನು ಕುದುರೆ ಉದ್ಯಮವೇ ನೇಮಿಸಿದ ಪರೀಕ್ಷಕರಿಗೆ ಒಪ್ಪಿಸಿದ್ದು. ಪರೀಕ್ಷಕ ಹೆಬ್ಬೆರಳಿನಿಂದ ಕಾಲನ್ನು ಒತ್ತುತ್ತಾನೆ, ಕುದುರೆ ಕಾಲು ಸೆಳೆದರೆ ನೋವಿದೆ ಎಂದು ಲೆಕ್ಕ. ಬೇಟೆಗೆ ಗುರಿಯಾಗುವ ಪ್ರಾಣಿ ನೋವನ್ನು ಸ್ವಭಾವತಃ ಮುಚ್ಚಿಡುತ್ತದೆ. ಅದು ಸಾಲದೆಂಬಂತೆ ಕೆಲವರು ಲಾಯದಲ್ಲೇ ಹುಸಿ ತಪಾಸಣೆ ನಡೆಸಿ, ಕಾಲು ಸೆಳೆದ ಕುದುರೆಗೆ ಇನ್ನೂ ಜೋರಾಗಿ ಹೊಡೆದು, ಕಲ್ಲಿನಂತೆ ನಿಲ್ಲುವುದನ್ನು ಕಲಿಸಿದರು. ಮರಗಟ್ಟಿಸುವ ಔಷಧಿ ಹಚ್ಚಿದರು. ಇದಕ್ಕೆ ಎದುರಾಗಿ ಕೃಷಿ ಇಲಾಖೆ ಚರ್ಮದ ಮೇಲಿನ ಲೇಪವನ್ನು ಒರೆಸಿ ತೆಗೆದು ರಾಸಾಯನಿಕ ಪರೀಕ್ಷೆಗೆ ಕಳಿಸಿತು, ಗೊರಸಿನ ಎಕ್ಸ್-ರೇ ತೆಗೆಯಿತು, ಬಾವಿನ ಬಿಸಿ ಹಿಡಿಯಲು ಉಷ್ಣ ಕ್ಯಾಮೆರಾ ತಂದಿತು. 2006ರ ಸೆಲೆಬ್ರೇಶನ್‌ನಲ್ಲಿ ಸರ್ಕಾರಿ ಪಶುವೈದ್ಯರು ಅಂತಿಮ ಸ್ಪರ್ಧೆಯ ಕುದುರೆಗಳನ್ನೇ ಅನರ್ಹಗೊಳಿಸಿದಾಗ, ಆ ವರ್ಷ ಚಾಂಪಿಯನ್ ಪಟ್ಟವೇ ಇಲ್ಲದೆ ಮುಗಿಯಿತು.

2012ರಲ್ಲಿ ಪ್ರಾಣಿದಯಾ ಸಂಘಟನೆಯೊಂದು ಗುಟ್ಟಾಗಿ ಚಿತ್ರಿಸಿದ ವಿಡಿಯೊ ದೇಶದ ಟಿವಿಯಲ್ಲಿ ಬಂತು. ಪ್ರಶಸ್ತಿಗಳ ರಾಶಿಯಿದ್ದ ಜ್ಯಾಕಿ ಮೆಕಾನಲ್ ಎಂಬ ತರಬೇತುದಾರನ ಲಾಯದಲ್ಲಿ ಕುದುರೆಯ ಕಾಲಿಗೆ ರಾಸಾಯನಿಕ ಹಚ್ಚುವುದೂ ತಲೆಗೆ ಬಡಿಯುವುದೂ ಅದರಲ್ಲಿತ್ತು. ಅವನು ತಪ್ಪೊಪ್ಪಿಕೊಂಡ. 75,000 ಡಾಲರ್ ದಂಡ, ಮೂರು ವರ್ಷದ ಪ್ರೊಬೇಶನ್. ಜೈಲಿಲ್ಲ. ಇದರಿಂದ ಎಲ್ಲ ತರಬೇತುದಾರರೂ ಹೀಗೆ ಎಂದರೆ ಅನ್ಯಾಯವಾಗುತ್ತದೆ. ಪ್ಯಾಡ್ ಇಲ್ಲದ ಹಗುರ ಲಾಳದ ಕುದುರೆ ಏರಿ, ಸೋಲುತ್ತಲೇ ದಶಕಗಳನ್ನು ಕಳೆದವರಿದ್ದಾರೆ. ಅವರ ಬಗ್ಗೆ ಬರೆದವರು ಕಡಿಮೆ.

ಅಮೆರಿಕದ ಪಶುವೈದ್ಯಕೀಯ ಸಂಘ ಅದೇ ವರ್ಷ ಪ್ಯಾಡ್ ಮತ್ತು ಸರಪಳಿ ಎರಡನ್ನೂ ನಿಷೇಧಿಸಬೇಕೆಂದಿತು. ಅದನ್ನೇ ಮಾಡಹೊರಟ, ಟೈಡಿಂಗ್ಸ್ ಹೆಸರಿನ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 333-96 ಮತಗಳಿಂದ ಗೆದ್ದರೂ ಕಾಯ್ದೆಯಾಗಲಿಲ್ಲ. 2021ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ತಜ್ಞರು ತಪಾಸಣೆಯನ್ನು ಉದ್ಯಮದ ಪರೀಕ್ಷಕರಿಂದ ತೆಗೆದು ಪಶುವೈದ್ಯರ ಕೈಗೆ ಕೊಡಿ ಎಂದರು. ಕಾಲಿನ ಗಾಯದ ಗುರುತು ನೋಡಿ ಸೋರಿಂಗ್ ಪತ್ತೆಹಚ್ಚುವ ಹಳೆಯ ನಿಯಮದಲ್ಲಿ ಬರಿಗಣ್ಣಿಗೆ ಕಾಣದ ಲಕ್ಷಣಗಳನ್ನು ಹುಡುಕಲು ಹೇಳಿದೆ ಎಂದೂ ಎತ್ತಿ ತೋರಿಸಿದರು. ತಪಾಸಣೆ ಪರೀಕ್ಷಕನ ಮರ್ಜಿಗೆ ಬಿಟ್ಟದ್ದು ಎಂಬ ತರಬೇತುದಾರರ ಹಳೆಯ ದೂರಿಗೂ ಈ ಮಾತು ಬಲ ಕೊಟ್ಟಿತು, ಅದನ್ನು ಮುಚ್ಚಿಡಬಾರದು. 2024ರಲ್ಲಿ ಕೃಷಿ ಇಲಾಖೆ ಪ್ಯಾಡ್, ಸರಪಳಿ ನಿಷೇಧಿಸುವ ನಿಯಮ ಹೊರಡಿಸಿತು. ಅದು ಜಾರಿಯಾಗುವ ಮುನ್ನವೇ, 2025ರ ಜನವರಿ 31ರಂದು, ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಹಗುರ ಲಾಳದ ಕುದುರೆ ಬೆಳೆಸುವವರು ಇನ್ನೊಂದು ಹಾನಿಯನ್ನು ಹೇಳುತ್ತ ಬಂದಿದ್ದಾರೆ, ನನಗೆ ಅದು ಎಲ್ಲಕ್ಕಿಂತ ಆಳದ್ದು ಅನ್ನಿಸುತ್ತದೆ. ಮುಂಗಾಲಿನ ಭಾರ, ಅತಿಯಾಗಿ ಪೇಸಿಯಾದ ಕುದುರೆಯ ಹೆಜ್ಜೆಯನ್ನು ಕೃತಕವಾಗಿ ಬಿಡಿಸಿ ನಾಲ್ಕು ತಾಳಕ್ಕೆ ತರುತ್ತದೆ. ಹಾಗಾಗಿ ಪ್ಯಾಡ್ ತೊಟ್ಟು ಗೆಲ್ಲುವ ಕುದುರೆ, ಪ್ಯಾಡ್ ಬಿಚ್ಚಿದರೆ ಪೇಸ್ ಮಾಡುವ ಕುದುರೆಯೂ ಆಗಿರಬಹುದು. ಗೆದ್ದ ಕುದುರೆಗೇ ಹೆಚ್ಚು ಹೆಣ್ಣುಗಳು, ಹೆಚ್ಚು ಮರಿಗಳು. ತಲೆಮಾರುಗಳು ಉರುಳಿದಂತೆ ಬ್ರ್ಯಾಂಟ್ಲಿ ಹುಡುಕಿದ ನಡಿಗೆ ಪ್ಯಾಡಿನಲ್ಲಷ್ಟೇ ಉಳಿದು ರಕ್ತದಿಂದ ಜಾರಬಹುದು. ಅದಕ್ಕೇ ಅವರು ಈಗ ಬೀಜದ ಕುದುರೆಯನ್ನು ಆರಿಸುವಾಗ ಬಹುಮಾನದ ಪಟ್ಟಿ ಬದಿಗಿಟ್ಟು, ಲಾಳ ಕಟ್ಟದ ಅದರ ಮರಿಗಳು ತಾಯಿಯ ಹಿಂದೆ ಹುಲ್ಲುಗಾವಲಿನಲ್ಲಿ ಹೇಗೆ ನಡೆಯುತ್ತವೆ ಎಂದು ನೋಡಿ, ಆಮೇಲೆ ಬೆಲೆ ಮಾತಾಡುತ್ತಾರೆ.